ಸೈಕಲ್ಲಿನವರೂ ವಿದ್ಯುತ್ ಸ್ಕೂಟರಿನವರೂ: ದಾರಿಯ ಮೇಲಿನ ಪರಸ್ಪರ ದೃಷ್ಟಿಯ ಇತಿಹಾಸ

೧. ವಿಷಯದ ಸ್ವರೂಪ

ಒಂದೇ ದಾರಿಯಲ್ಲಿ ಸಂಚರಿಸುವ ಎರಡು ಬಗೆಯ ವಾಹನಗಳವರು ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆಂಬುದು ಮೇಲುನೋಟಕ್ಕೆ ಇತಿಹಾಸದ ವಿಷಯವೆಂದು ತೋರದು. ಅರಸರ ವಂಶಾವಳಿಯಂತೆ ಅದು ಶಿಲೆಯ ಮೇಲೆ ಕೆತ್ತಲ್ಪಟ್ಟಿಲ್ಲ. ಭೂಕಂದಾಯದಂತೆ ಕಡತಗಳಲ್ಲಿ ಬರೆಯಲ್ಪಟ್ಟಿಲ್ಲ. ಆದರೂ ಇಂತಹ ದೃಷ್ಟಿಯು ತನ್ನ ಗುರುತನ್ನು ಮೂರು ಕಡೆಗಳಲ್ಲಿ ಬಿಟ್ಟುಹೋಗುತ್ತದೆ: ಕಾಯಿದೆಯ ಮಾತಿನಲ್ಲಿ, ಪುರಸಭೆಗಳ ಕಟ್ಟಳೆಗಳಲ್ಲಿ, ಮತ್ತು ಜನರ ಆಡುನುಡಿಯಲ್ಲಿ. ಈ ಮೂರನ್ನೂ ಕೂಡಿಸಿ ಓದಿದಲ್ಲಿ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಸೈಕಲ್ ತುಳಿಯುವವನು ಈಗ ವಿದ್ಯುತ್ ಸ್ಕೂಟರಿನವನ ಮೇಲೆ ಯಾವ ದೋಷಗಳನ್ನು ಹೊರಿಸುತ್ತಿರುವನೋ, ಅವೇ ದೋಷಗಳನ್ನು ನೂರಮೂವತ್ತು ವರ್ಷಗಳ ಹಿಂದೆ ಗಾಡಿಯವರೂ ಕುದುರೆಯವರೂ ಪಾದಚಾರಿಗಳೂ ಸೈಕಲ್ಲಿನವನ ಮೇಲೆ ಹೊರಿಸಿದ್ದರು. ಸದ್ದಿಲ್ಲದೆ ಹಿಂದಿನಿಂದ ಬರುತ್ತಾನೆ, ಅಳತೆಗೆಟ್ಟ ವೇಗದಿಂದ ಸಾಗುತ್ತಾನೆ, ಯಾವ ಕಟ್ಟಳೆಗೂ ಒಳಪಟ್ಟವನಲ್ಲ ಎಂಬ ಮೂರೇ ಆರೋಪಗಳು ಆಗಲೂ ಇದ್ದುವು, ಈಗಲೂ ಇವೆ.

ಆ ಹಿಂದಿನ ಮನಸ್ತಾಪವು ಕ್ರಮೇಣ ಶಮನವಾಯಿತು. ಅದು ಯಾವುದರಿಂದ ಶಮನವಾಯಿತೆಂಬುದನ್ನು ವಿಚಾರಿಸಿ, ಅದರಿಂದ ಇಂದಿನ ಮನಸ್ತಾಪಕ್ಕೆ ದೊರೆಯಬಹುದಾದ ಪಾಠವನ್ನು ಎತ್ತಿ ತೋರಿಸುವುದು ಈ ಲೇಖನದ ಉದ್ದೇಶವಾಗಿದೆ. ವಿಚಾರಕ್ಕೆ ನೆಲೆಯಾಗಿ ಉತ್ತರಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳನ್ನು ಆರಿಸಿಕೊಳ್ಳಲಾಗಿದೆ. ನಗರದ ಬೀದಿಯಲ್ಲಿ ಮರೆಯಾಗುವ ಕೆಲವು ಅಂಶಗಳು ಏರಿಳಿತದ ಈ ನಾಡಿನಲ್ಲಿ ನಿಚ್ಚಳವಾಗಿ ಕಾಣುತ್ತವೆ.

೨. ಘಟ್ಟದ ಮೇಲಿನ ದಾರಿಗಳು

೧೭೯೯ರಲ್ಲಿ ಟೀಪು ಸುಲ್ತಾನನ ಪತನವಾದ ಬಳಿಕ ಕನ್ನಡ ಜಿಲ್ಲೆಯು ಇಂಗ್ಲಿಷರ ಕಂಪನಿಯ ವಶವಾಯಿತು. ೧೮೦೧ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿದ ಕಾಲದಲ್ಲಿ ಈ ಸೀಮೆಯ ಅಡಿಕೆ ಮೆಣಸುಗಳು ಹೇರೆತ್ತುಗಳ ಬೆನ್ನಿನ ಮೇಲೆ ಸಾಗುತ್ತಿದ್ದುವು. ಹೇರೆತ್ತಿನ ದಾರಿಗೆ ಅಗಲ ಬೇಕಿಲ್ಲ. ಎದುರಿಗೆ ಬಂದವನು ಪಕ್ಕಕ್ಕೆ ಸರಿದರೆ ಸಾಕು. ೧೮೬೨ರಲ್ಲಿ ಉತ್ತರಕನ್ನಡವು ಮದ್ರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಅದೇ ಸಮಯದಲ್ಲಿ, ೧೮೬೧ರಿಂದ ೧೮೬೫ರವರೆಗೆ ನಡೆದ ಅಮೇರಿಕದ ಅಂತರ್ಯುದ್ಧದ ದೆಸೆಯಿಂದ ಧಾರವಾಡ ಸೀಮೆಯ ಹತ್ತಿಗೆ ಬೆಲೆಯೇರಿ, ಅದನ್ನು ಕುಮಟೆಯ ಬಂದರಿಗೆ ಇಳಿಸುವ ದಾರಿಗಳ ಅಗತ್ಯವು ಹೆಚ್ಚಿತು. ದೇವಿಮನೆ ಘಟ್ಟದ ಮೂಲಕ ಶಿರಸಿಯಿಂದ ಕುಮಟೆಗೆ, ಅರಬೈಲು ಘಟ್ಟದ ಮೂಲಕ ಯಲ್ಲಾಪುರದಿಂದ ಕರಾವಳಿಗೆ ಇಳಿಯುವ ದಾರಿಗಳು ಎತ್ತಿನ ಗಾಡಿಗಳ ದಾರಿಗಳಾಗಿ ಬೆಳೆದುವು. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಸ್ಥಾಪಿತವಾದಾಗ ಅಡಿಕೆಯ ಮೂಟೆಗಳು ಪೇಟೆಗೆ ಬರುತ್ತಿದ್ದುದೂ ಬಹುಮಟ್ಟಿಗೆ ಇಂತಹ ಗಾಡಿಗಳ ಮೇಲೆಯೇ.

ಹೆದ್ದಾರಿಗಳ ಸ್ಥಿತಿಯು ಇದಾದರೆ, ಹಳ್ಳಿಯ ದಾರಿಗಳ ಸ್ಥಿತಿಯು ಬೇರೆ. ಸಿದ್ದಾಪುರ ತಾಲೂಕಿನ ಮನ್ಮನೆಯೇ ಮೊದಲಾದ ಊರುಗಳ ಸೀಮೆಯಲ್ಲಿ ವಸತಿಯು ಬಯಲುಸೀಮೆಯ ಊರುಗಳಂತೆ ಒತ್ತಾಗಿಲ್ಲ. ಕಣಿವೆಯ ತಗ್ಗಿನಲ್ಲಿ ಅಡಿಕೆಯ ತೋಟ, ಅದರ ಮಗ್ಗುಲಿಗೆ ಮನೆ, ಮೇಲೆ ಸೊಪ್ಪಿನ ಬೆಟ್ಟ. ಮುಂದಿನ ಮನೆಯು ಇನ್ನೊಂದು ಕಣಿವೆಯಲ್ಲಿ. ಆದುದರಿಂದ ಇಲ್ಲಿಯ ದಾರಿಯೆಂದರೆ ಒಂದು ದಿಣ್ಣೆಯನ್ನು ಏರಿ ಇಳಿದು ಮತ್ತೊಂದನ್ನು ಏರುವ ದಾರಿ. ಒಂದು ಬಸ್ಸಿಗೆ ಸಾಕಾಗುವಷ್ಟು ಅಗಲ, ಇಕ್ಕೆಲಗಳಲ್ಲಿ ಮಳೆನೀರಿನ ಚರಂಡಿ, ಹೆಜ್ಜೆಹೆಜ್ಜೆಗೂ ತಿರುವು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಇಂತಹ ದಾರಿಯಲ್ಲಿ ಹಿಂದಿನವನಿಗೆ ಎಡೆಗೊಡಬೇಕಾದರೆ ಮುಂದಿನವನಿಗೆ ಮುಂಚಿತವಾಗಿ ಅದು ತಿಳಿದಿರಬೇಕು.

ಇಲ್ಲಿ ಆಡುನುಡಿಯ ಒಂದು ಸಾಕ್ಷ್ಯವನ್ನು ಗಮನಿಸಬೇಕು. ಗಾಡಿಯೆಂಬ ಶಬ್ದವು ಮೊದಲು ಎತ್ತಿನ ಗಾಡಿಗೆ ಸಲ್ಲುತ್ತಿದ್ದಿತು. ಬಳಿಕ ಅದು ಮೋಟಾರಿಗೂ ಮೋಟಾರ್ ಸೈಕಲ್ಲಿಗೂ ಸ್ಕೂಟರಿಗೂ ಸಂದಿತು. ಸೈಕಲ್ಲಿಗೆ ಮಾತ್ರ ಆ ಹೆಸರು ಸಾಮಾನ್ಯವಾಗಿ ಸಲ್ಲಲಿಲ್ಲ. ಅದು ಸೈಕಲ್ಲಾಗಿಯೇ ಉಳಿಯಿತು. ಕ್ರಿಯಾಪದಗಳಲ್ಲಿಯೂ ಇದೇ ಭೇದವಿದೆ. ಬಾರುಕೋಲಿನಿಂದ ಎತ್ತನ್ನು ಹೊಡೆಯುವುದರಿಂದ ಹುಟ್ಟಿದ ‘ಗಾಡಿ ಹೊಡೆ’ ಎಂಬ ಮಾತಿನ ಮಾದರಿಯಲ್ಲಿ ‘ಸೈಕಲ್ ಹೊಡೆ’ ಎಂಬುದೂ ಬಂದಿತು. ಅದರೊಡನೆ ‘ಸೈಕಲ್ ತುಳಿ’ ಎಂಬ, ದುಡಿಮೆಯನ್ನು ಹೇಳುವ ಮಾತೂ ನೆಲೆಸಿತು. ವಿದ್ಯುತ್ ಸ್ಕೂಟರನ್ನು ಯಾರೂ ತುಳಿಯುವುದಿಲ್ಲ. ಅದನ್ನು ‘ಓಡಿಸುತ್ತಾರೆ’, ಮತ್ತು ಅದು ‘ಗಾಡಿ’ಯೇ ಸರಿ. ಕಾನೂನು ಅದನ್ನು ಯಾವ ವರ್ಗಕ್ಕೆ ಸೇರಿಸಿದೆಯೆಂಬುದನ್ನು ನೋಡುವ ಮೊದಲೇ ಜನರ ನಾಲಗೆಯು ಅದನ್ನು ಮೋಟಾರಿನ ವರ್ಗಕ್ಕೆ ಸೇರಿಸಿಬಿಟ್ಟಿದೆ. ಮುಂದೆ ವಿವರಿಸಲಾಗುವ ವಿರೋಧದ ಒಂದು ಮೂಲವು ಇಲ್ಲಿಯೇ ಇದೆ.

೩. ಸೈಕಲ್ಲು ಹೊಸದಾಗಿದ್ದ ಕಾಲ

೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಎರಡು ಗಾಲಿಗಳ ಮರದ ಯಂತ್ರವನ್ನು, ಕಾಲಿನಿಂದ ನೆಲವನ್ನು ಒದೆಯುತ್ತ ನಡೆಸಿದನು. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಸಮಗಾತ್ರದ ಗಾಲಿಗಳ, ಸರಪಣಿಯಿಂದ ನಡೆಯುವ ‘ರೋವರ್’ ಸೈಕಲ್ಲನ್ನು ಹೊರತಂದನು. ೧೮೮೮ರಲ್ಲಿ ಡನ್‌ಲಪ್ಪನ ಗಾಳಿ ತುಂಬಿದ ರಬ್ಬರಿನ ಟಯರು ಬಂದಿತು. ಈ ಟಯರಿನಿಂದ ಸೈಕಲ್ಲಿಗೆ ಎರಡು ಗುಣಗಳು ಒಮ್ಮೆಗೇ ಒದಗಿದುವು: ವೇಗ ಮತ್ತು ನಿಶ್ಶಬ್ದತೆ. ಕಬ್ಬಿಣದ ಪಟ್ಟಿಯ ಗಾಲಿಯ ಗಾಡಿಯು ಒಂದು ಕೂಗಳತೆಯ ಆಚೆಯಿಂದಲೇ ಕೇಳಿಸುತ್ತಿದ್ದಿತು. ಕುದುರೆಯ ಗೊರಸಿನ ಸಪ್ಪಳವೂ ಹಾಗೆಯೇ. ಸೈಕಲ್ಲಾದರೋ ಮಗ್ಗುಲಿಗೆ ಬಂದ ಮೇಲೆಯೇ ತಿಳಿಯುತ್ತಿದ್ದಿತು. ಕುದುರೆಗಳು ಬೆದರಿದುವು, ಪಾದಚಾರಿಗಳು ಬೆಚ್ಚಿದರು. ವೇಗವಾಗಿ ಹೋಗುವ ಸವಾರರಿಗೆ ಇಂಗ್ಲೆಂಡಿನಲ್ಲಿ ‘ಸ್ಕಾರ್ಚರ್’, ಎಂದರೆ ಸುಟ್ಟುಕೊಂಡು ಹೋಗುವವನು, ಎಂಬ ನಿಂದೆಯ ಹೆಸರು ಬಿದ್ದಿತು.

ಆ ಕಾಲದ ನ್ಯಾಯಸ್ಥಾನಗಳಿಗೆ ಎದುರಾದ ಮೊದಲ ಪ್ರಶ್ನೆಯು ಸೈಕಲ್ಲು ಏನು ಎಂಬುದಾಗಿದ್ದಿತು. ಅದು ಗಾಡಿಯೋ, ಅಥವಾ ಮನುಷ್ಯನು ತೊಟ್ಟ ಪಾದರಕ್ಷೆಯಂತೆ ನಡಿಗೆಯ ಒಂದು ಉಪಕರಣವೋ? ಗಾಡಿಯಾದರೆ ಮಾತ್ರ ಗಾಡಿಗಳ ಮೇಲಿನ ಕಟ್ಟಳೆಗಳು ಅದಕ್ಕೆ ಹತ್ತುವುವು. ೧೮೭೯ರಲ್ಲಿ ಟೇಲರನಿಗೂ ಗುಡ್ವಿನ್ನನಿಗೂ ನಡೆದ ವ್ಯಾಜ್ಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು, ಉಗ್ರವೇಗದ ಚಾಲನೆಯನ್ನು ನಿಷೇಧಿಸುವ ಕಾಯಿದೆಯ ಮಟ್ಟಿಗೆ ಸೈಕಲ್ಲೂ ಗಾಡಿಯೇ ಎಂದು ತೀರ್ಮಾನಿಸಿತು. ೧೮೮೮ರ ಸ್ಥಳೀಯ ಸರಕಾರಗಳ ಕಾಯಿದೆಯ ೮೫ನೆಯ ಕಲಮು ಇದನ್ನು ಎಲ್ಲ ಹೆದ್ದಾರಿಗಳಿಗೂ ಅನ್ವಯಿಸುವಂತೆ ಸಾರಿತು. ಆ ಕಲಮಿನಲ್ಲಿ ಎರಡು ಹೊಣೆಗಳು ಸೈಕಲ್ಲಿನವನ ಮೇಲೆ ಬಿದ್ದುವು. ಮೊದಲನೆಯದಾಗಿ, ಸೂರ್ಯಾಸ್ತದ ಒಂದು ಗಂಟೆಯ ಬಳಿಕ ಮೊದಲುಗೊಂಡು ಸೂರ್ಯೋದಯದ ಒಂದು ಗಂಟೆಯ ಮೊದಲಿನವರೆಗೆ ದೀಪವನ್ನು ಹೊತ್ತಿಸಿರಬೇಕು. ಎರಡನೆಯದಾಗಿ, ಗಾಡಿಯನ್ನಾಗಲಿ ಪ್ರಾಣಿಯನ್ನಾಗಲಿ ಪಾದಚಾರಿಯನ್ನಾಗಲಿ ಹಿಂದಿಕ್ಕುವ ಮೊದಲು, ತಕ್ಕಷ್ಟು ದೂರದಿಂದಲೇ, ಗಂಟೆಯಿಂದಾಗಲಿ ಸಿಳ್ಳಿನಿಂದಾಗಲಿ ತನ್ನ ಬರವನ್ನು ಕೇಳುವಂತೆ ತಿಳಿಸಬೇಕು.

ಈ ಎರಡನೆಯ ಹೊಣೆಯು ಬಹಳ ಮಹತ್ವವುಳ್ಳದ್ದು. ೧೮೬೫ರ ಕಾಯಿದೆಯು ಉಗಿಯ ರಸ್ತೆಯಂತ್ರಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲು, ಪೇಟೆಯಲ್ಲಿ ಎರಡು ಮೈಲು ಎಂದು ವೇಗವನ್ನು ಕಟ್ಟಿಹಾಕಿ, ಮುಂದೆ ಕೆಂಬಾವುಟ ಹಿಡಿದ ಆಳೊಬ್ಬನು ನಡೆಯಬೇಕೆಂದು ವಿಧಿಸಿದ್ದಿತು. ಆ ಉಪಾಯವು ಹೊಸ ವಾಹನವನ್ನು ಹಳೆಯ ವೇಗಕ್ಕೆ ಇಳಿಸುವ ಉಪಾಯ. ಅದು ನಿಲ್ಲಲಿಲ್ಲ, ೧೮೯೬ರಲ್ಲಿ ತೆಗೆಯಲ್ಪಟ್ಟಿತು. ೧೮೮೮ರ ಉಪಾಯವು ಬೇರೆ ಜಾತಿಯದು. ಅದು ಸೈಕಲ್ಲಿನ ವೇಗವನ್ನು ಕಸಿಯಲಿಲ್ಲ. ಅದರ ನಿಶ್ಶಬ್ದತೆಗೆ ಬದಲಾಗಿ ಒಂದು ಗಂಟೆಯನ್ನು ಬೇಡಿತು. ಮುಂದಿರುವ ದುರ್ಬಲನು ಹಿಂದಿರುಗಿ ನೋಡುತ್ತಿರಬೇಕಾದ ಭಾರವನ್ನು ಇಳಿಸಿ, ಹಿಂದಿನಿಂದ ಬರುವ ಬಲಿಷ್ಠನ ಮೇಲೆ ತಿಳಿಸುವ ಭಾರವನ್ನು ಹೊರಿಸಿತು. ಸೈಕಲ್ಲಿನ ಗಂಟೆಯು ಇಂದು ಮಕ್ಕಳ ಆಟಿಕೆಯಂತೆ ತೋರಿದರೂ, ಅದು ಒಂದು ಸಾಮಾಜಿಕ ಒಪ್ಪಂದದ ಮುದ್ರೆಯಾಗಿದೆ.

೪. ದೀಪ ಮತ್ತು ಬಿಲ್ಲೆ

ಭಾರತದಲ್ಲಿ ೧೮೬೦ರ ದಂಡಸಂಹಿತೆಯ ೨೭೯ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದಾಗಲಿ ಅಲಕ್ಷ್ಯದಿಂದಾಗಲಿ ವಾಹನವನ್ನು ನಡೆಸುವವನಿಗೂ ಸವಾರಿ ಮಾಡುವವನಿಗೂ ಶಿಕ್ಷೆಯನ್ನು ವಿಧಿಸಿದ್ದಿತು. ಸೈಕಲ್ಲು ಇನ್ನೂ ರೂಪುಗೊಳ್ಳದಿದ್ದ ಕಾಲದಲ್ಲಿ ರಚಿತವಾದ ಈ ಮಾತು ಎಷ್ಟು ವ್ಯಾಪಕವಾಗಿದ್ದಿತೆಂದರೆ, ಎತ್ತಿನ ಗಾಡಿ, ಸೈಕಲ್ಲು, ಮೋಟಾರು ಎಲ್ಲವೂ ಅದರೊಳಗೆ ಅಡಗಿದುವು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ ೨೮೧ನೆಯ ಕಲಮಿನಲ್ಲಿಯೂ ಅದೇ ತತ್ತ್ವವು ಮುಂದುವರಿದಿದೆ. ಮೋಟಾರುಗಳಿಗಾದರೋ ೧೯೧೪ರಲ್ಲಿ, ೧೯೩೯ರಲ್ಲಿ, ೧೯೮೮ರಲ್ಲಿ ಹೀಗೆ ಮೂರು ಬಾರಿ ಪ್ರತ್ಯೇಕ ಕಾಯಿದೆಗಳು ರಚಿತವಾದುವು. ಸೈಕಲ್ಲನ್ನು ಆ ಕಾಯಿದೆಗಳು ಹೊರಗಿಟ್ಟುವು. ಅದು ಸ್ಥಳೀಯ ಸಂಸ್ಥೆಗಳ ಕಟ್ಟಳೆಗೆ ಬಿಟ್ಟ ವಾಹನವಾಯಿತು. ರಾಜ್ಯಾಂಗದ ಏಳನೆಯ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿಯ ೫೭ನೆಯ ಬಾಬು, ಯಂತ್ರದಿಂದ ನಡೆಯಲಿ ನಡೆಯದಿರಲಿ, ರಸ್ತೆಗೆ ತಕ್ಕ ಎಲ್ಲ ವಾಹನಗಳ ಮೇಲೂ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ.

ಕನ್ನಡನಾಡಿನ ಪುರಸಭೆಗಳೂ ಎಷ್ಟೋ ಪಂಚಾಯತಿಗಳೂ ಸೈಕಲ್ಲಿಗೆ ವಾರ್ಷಿಕ ತೆರಿಗೆಯನ್ನು ಹಾಕಿ, ಅದರ ಗುರುತಾಗಿ ತಗಡಿನ ಇಲ್ಲವೆ ಹಿತ್ತಾಳೆಯ ಬಿಲ್ಲೆಯನ್ನು ಕೊಡುತ್ತಿದ್ದುವು. ರಾತ್ರಿಯಲ್ಲಿ ದೀಪವಿಲ್ಲದೆ ಹೋದವನಿಗೂ, ಒಂದು ಸೈಕಲ್ಲಿನ ಮೇಲೆ ಇಬ್ಬರು ಕುಳಿತು ಹೋದವರಿಗೂ ದಂಡ ಬೀಳುತ್ತಿದ್ದಿತು. ಸೀಮೆಯೆಣ್ಣೆಯ ದೀಪವು ಹೋಗಿ ಗಾಲಿಗೆ ತಾಗುವ ಡೈನಮೋ ಬಂದಿತು. ಗಂಟೆಗಿಷ್ಟೆಂದು ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳು ಪೇಟೆಪೇಟೆಗಳಲ್ಲಿ ತಲೆಯೆತ್ತಿದುವು. ೧೯೫೬ರ ನವೆಂಬರ್ ೧ರವರೆಗೆ ಸಿದ್ದಾಪುರವು ಮುಂಬಯಿ ರಾಜ್ಯದಲ್ಲಿಯೂ, ಅದರ ತೆಂಕಣಕ್ಕಿರುವ ತಾಳಗುಪ್ಪ, ಸಾಗರಗಳು ಮೈಸೂರು ರಾಜ್ಯದಲ್ಲಿಯೂ ಇದ್ದುವು; ಗಡಿಯನ್ನು ದಾಟುವವನು ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ಹೋಗುತ್ತಿದ್ದನು. ಆಡಳಿತಗಳು ಎರಡಾದರೂ ದೀಪ, ಗಂಟೆ, ಬಿಲ್ಲೆ ಎಂಬ ಮೂರರ ಅರ್ಥವು ಎರಡೂ ಕಡೆ ಒಂದೇ ಆಗಿದ್ದಿತು. ದೀಪವು ‘ಇಲ್ಲಿದ್ದೇನೆ’ ಎನ್ನುತ್ತದೆ. ಗಂಟೆಯು ‘ಬರುತ್ತಿದ್ದೇನೆ’ ಎನ್ನುತ್ತದೆ. ಬಿಲ್ಲೆಯು ‘ಲೆಕ್ಕಕ್ಕೆ ಸೇರಿದ್ದೇನೆ’ ಎನ್ನುತ್ತದೆ.

ಬಿಲ್ಲೆಯ ತೆರಿಗೆಯನ್ನು ಸೈಕಲ್ಲಿನವರು ಗೊಣಗುತ್ತಲೇ ತೆತ್ತರೆಂಬುದು ನಿಜ. ಬಡವನ ವಾಹನದ ಮೇಲಿನ ಆ ಕರವು ಕ್ರಮೇಣ ನಿಂತುಹೋದುದು ನ್ಯಾಯವೇ. ಆದರೆ ಆ ಮೂರು ಗುರುತುಗಳ ಫಲವಾಗಿ ಸೈಕಲ್ಲು ದಾರಿಯ ಮೇಲೆ ಪರಕೀಯವಾಗಿ ಉಳಿಯಲಿಲ್ಲವೆಂಬುದನ್ನೂ ಒಪ್ಪಬೇಕಾಗುತ್ತದೆ. ಗಾಡಿಯವನು ಗಂಟೆಯ ಸದ್ದಿಗೆ ಎತ್ತನ್ನು ಪಕ್ಕಕ್ಕೆ ಎಳೆಯಲು ಕಲಿತನು. ಸೈಕಲ್ಲಿನವನು ಎತ್ತಿನ ಸ್ವಭಾವವನ್ನು ಅರಿತು ದೂರದಿಂದಲೇ ಗಂಟೆ ಬಾರಿಸಲು ಕಲಿತನು.

೫. ನಡುವಣ ವಾಹನ

ಸೈಕಲ್ಲಿಗೂ ಮೋಟಾರ್ ಸೈಕಲ್ಲಿಗೂ ನಡುವೆ ಒಂದು ವಾಹನವು ೧೯೭೨ರಲ್ಲಿ ಬಂದಿತು. ಪುಣೆಯ ಕೈನೆಟಿಕ್ ಇಂಜಿನಿಯರಿಂಗ್ ಸಂಸ್ಥೆಯು ಹೊರತಂದ ಲೂನಾ ಎಂಬ ಈ ಮೊಪೆಡ್ಡಿಗೆ ಐವತ್ತು ಘನಸೆಂಟಿಮೀಟರಿನ ಯಂತ್ರವೂ ಇದ್ದಿತು, ಸೈಕಲ್ಲಿನಂತೆ ಪೆಡಲುಗಳೂ ಇದ್ದುವು. ೧೯೮೦ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. ೫೦ ಬಂದಿತು. ೧೯೮೦ರ ದಶಕದಲ್ಲಿ ಬಜಾಜ್ ಎಂ-೮೦ ಎಂಬ ವಾಹನವು ಮಲೆನಾಡಿನ ಏರುಗಳಿಗೆ ತಕ್ಕುದೆಂದು ಹೆಸರಾಯಿತು. ಪೆಡಲುಗಳಿದ್ದ ಮಾತ್ರಕ್ಕೆ ಲೂನಾವನ್ನು ಕಾನೂನು ಸೈಕಲ್ಲೆಂದು ಎಣಿಸಲಿಲ್ಲ. ೧೯೮೮ರ ಕಾಯಿದೆಯು ನಾಲ್ಕಕ್ಕಿಂತ ಕಡಿಮೆ ಗಾಲಿಗಳುಳ್ಳ, ಇಪ್ಪತ್ತೈದು ಘನಸೆಂಟಿಮೀಟರನ್ನು ಮೀರದ ಯಂತ್ರದ ವಾಹನವನ್ನು ಮಾತ್ರ ಮೋಟಾರಿನ ಲಕ್ಷಣದಿಂದ ಹೊರಗಿಟ್ಟಿದೆ. ಆದುದರಿಂದ ಲೂನಾಕ್ಕೆ ನೋಂದಣಿಯಿದ್ದಿತು, ಸವಾರನಿಗೆ ಪರವಾನಗಿಯಿದ್ದಿತು. ಮೇಲಾಗಿ ಅದರ ಯಂತ್ರದ ಸದ್ದೇ ಅದರ ಗಂಟೆಯಾಗಿದ್ದಿತು. ತುಳಿಯುವವನು ಅದನ್ನು ಕಂಡು ಅಸೂಯೆಪಟ್ಟಿರಬಹುದು. ಕೇಳದೆ ಬೆಚ್ಚುವ ಸಂದರ್ಭವು ವಿರಳ.

೬. ವಿದ್ಯುತ್ ಸ್ಕೂಟರಿನ ಎರಡು ಜಾತಿಗಳು

ವಿದ್ಯುತ್ ಸ್ಕೂಟರೆಂಬ ಒಂದೇ ಹೆಸರಿನ ಕೆಳಗೆ ಕಾನೂನಿನ ದೃಷ್ಟಿಯಲ್ಲಿ ಎರಡು ಜಾತಿಗಳಿವೆ; ಇದನ್ನು ಬಿಡಿಸಿಕೊಳ್ಳದೆ ಪರಸ್ಪರ ದೃಷ್ಟಿಯ ವಿಚಾರವು ಸಾಗದು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯಲ್ಲಿ ಬಳಿಕ ಸೇರಿಸಲಾದ ಲಕ್ಷಣದಂತೆ, ಮೋಟಾರಿನ ಶಕ್ತಿಯು ೦.೨೫ ಕಿಲೋವಾಟಿಗಿಂತಲೂ, ಪರಮವೇಗವು ಗಂಟೆಗೆ ೨೫ ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ಇತರ ಕೆಲವು ನಿಬಂಧನೆಗಳಿಗೂ ಒಳಪಟ್ಟ ಬ್ಯಾಟರಿಯ ವಾಹನವು ಮೋಟಾರು ವಾಹನವೇ ಅಲ್ಲ. ಅದಕ್ಕೆ ನೋಂದಣಿಯಿಲ್ಲ, ಸವಾರನಿಗೆ ಪರವಾನಗಿಯಿಲ್ಲ, ಶಿರಸ್ತ್ರಾಣದ ನಿರ್ಬಂಧವಿಲ್ಲ. ಇದಕ್ಕಿಂತ ಶಕ್ತಿಯುಳ್ಳ ಸ್ಕೂಟರು ಪೂರ್ಣ ಮೋಟಾರು ವಾಹನ. ೨೦೧೮ರ ಆದೇಶದಂತೆ ಅದಕ್ಕೆ ಹಸಿರು ಬಣ್ಣದ ಸಂಖ್ಯಾಫಲಕವಿದೆ.

ಕರ್ನಾಟಕವು ೨೦೧೭ರಲ್ಲಿಯೇ ವಿದ್ಯುತ್ ವಾಹನಗಳ ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನ ಏಥರ್ ಸಂಸ್ಥೆಯ ಸ್ಕೂಟರು ೨೦೧೮ರಲ್ಲಿ ಬೀದಿಗಿಳಿಯಿತು. ಇದು ಎರಡನೆಯ ಜಾತಿಯದು. ಅದೇ ನಗರದಲ್ಲಿ ೨೦೧೮ರಲ್ಲಿ ಬಾಡಿಗೆಯ ಸೈಕಲ್ಲುಗಳಿಂದ ಆರಂಭಿಸಿದ ಯುಲು ಸಂಸ್ಥೆಯು ೨೦೧೯ರಲ್ಲಿ ಮಂದಗತಿಯ ವಿದ್ಯುತ್ ಸ್ಕೂಟರುಗಳನ್ನು ತಂದಿತು; ಇದು ಮೊದಲನೆಯ ಜಾತಿಯದು. ಒಂದೇ ಸಂಸ್ಥೆಯು ಸೈಕಲ್ಲಿನಿಂದ ಸ್ಕೂಟರಿಗೆ ಹೀಗೆ ಸಾಗಿದ್ದು, ಅಂತಹ ಸ್ಕೂಟರು ಸೈಕಲ್ಲಿನ ಸ್ಥಾನವನ್ನೇ ಆಕ್ರಮಿಸುವುದೆಂಬುದಕ್ಕೆ ನಿದರ್ಶನವಾಗಿದೆ. ೨೦೨೪ರ ಫೆಬ್ರವರಿಯಲ್ಲಿ ಲೂನಾ ಎಂಬ ಹೆಸರೂ ವಿದ್ಯುತ್ ರೂಪದಲ್ಲಿ ಪುನಃ ಹುಟ್ಟಿಬಂದಿತು.

ಹೀಗೆ ಮಂದಗತಿಯ ಸ್ಕೂಟರಿಗೆ ದೀಪ, ಗಂಟೆ, ಬಿಲ್ಲೆ ಎಂಬ ಮೂರು ಗುರುತುಗಳಲ್ಲಿ ಒಂದೂ ದೃಢವಾಗಿ ದೊರೆತಿಲ್ಲ. ಬಿಲ್ಲೆಯಿಲ್ಲ, ಏಕೆಂದರೆ ಅದು ಮೋಟಾರಲ್ಲ. ಯಂತ್ರದ ಸದ್ದಿಲ್ಲ, ಏಕೆಂದರೆ ಅದು ವಿದ್ಯುತ್ತಿನದು. ೧೯೮೯ರ ರಸ್ತೆ ನಿಯಮಗಳ ಸ್ಥಾನದಲ್ಲಿ ೨೦೧೭ರಲ್ಲಿ ಬಂದ ಚಾಲನಾ ನಿಯಮಗಳು ಮೋಟಾರು ಕಾಯಿದೆಯ ಆಶ್ರಯದಲ್ಲಿ ರಚಿತವಾದವು; ಮೋಟಾರಲ್ಲವೆನ್ನಿಸಿಕೊಂಡ ವಾಹನವು ಅವುಗಳ ಕಣ್ಣಿನಿಂದ ಜಾರಿಹೋಗುತ್ತದೆ. ಉಳಿಯುವುದು ದುಡುಕಿನ ಚಾಲನೆಯ ದಂಡವೊಂದೇ, ಮತ್ತು ದಂಡವು ಅಪಾಯವಾದ ಮೇಲೆ ಬರುವಂತಹುದು.

೭. ಪರಸ್ಪರ ದೋಷಾರೋಪ

ಸೈಕಲ್ಲಿನವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರುಗಳನ್ನು ಮೇಲೆ ಸೂಚಿಸಲಾಗಿದೆ. ವಿದ್ಯುತ್ ಸ್ಕೂಟರಿನವರ ಕಡೆಯಿಂದಲೂ ದೂರುಗಳಿಲ್ಲದೆ ಇಲ್ಲ. ಸೈಕಲ್ಲಿನವನು ಅತ್ತಿತ್ತ ತೊನೆಯುತ್ತಾನೆ, ಕೈಸನ್ನೆಯಿಲ್ಲದೆ ತಿರುಗುತ್ತಾನೆ, ರಾತ್ರಿಯಲ್ಲಿ ದೀಪವಿಲ್ಲದೆ ಬರುತ್ತಾನೆ, ಇಬ್ಬರು ಜೊತೆಯಾಗಿ ಮಾತನಾಡುತ್ತ ದಾರಿಯನ್ನು ತುಂಬಿಕೊಳ್ಳುತ್ತಾರೆ ಎಂಬುವು ಅವುಗಳಲ್ಲಿ ಮುಖ್ಯವಾದುವು. ಈ ಎರಡು ಪಟ್ಟಿಗಳನ್ನು ಹೋಲಿಸಿದರೆ ಒಂದು ಭೇದವು ಎದ್ದು ಕಾಣುತ್ತದೆ. ಸೈಕಲ್ಲಿನವನ ದೂರು ಭಯದ್ದು; ಸ್ಕೂಟರಿನವನ ದೂರು ಅಡಚಣೆಯದ್ದು. ಮೊದಲನೆಯವನು ‘ಬಡಿದುಬಿಟ್ಟಾನು’ ಎನ್ನುತ್ತಾನೆ. ಎರಡನೆಯವನು ‘ದಾರಿ ಬಿಡಲಿಲ್ಲ’ ಎನ್ನುತ್ತಾನೆ. ಇಬ್ಬರೂ ಒಂದೇ ಘಟನೆಯನ್ನು ಹೇಳುತ್ತಿದ್ದರೂ ಅವರ ಅನುಭವವು ಒಂದೇ ಅಲ್ಲ.

ಇದಕ್ಕೆ ಕಾರಣವು ದುಷ್ಟಬುದ್ಧಿಯಲ್ಲ; ದಾರಿಗರ ಗಮನದ ಸ್ವಭಾವವು. ಪ್ರತಿಯೊಬ್ಬ ದಾರಿಗನೂ ತನಗಿಂತ ಬಲಿಷ್ಠವಾದುದನ್ನು ಎಚ್ಚರದಿಂದ ನೋಡುತ್ತಾನೆ, ದುರ್ಬಲವಾದುದನ್ನು ಮರೆಯುತ್ತಾನೆ. ಮಂದಗತಿಯ ಸ್ಕೂಟರಿನವನ ಕಣ್ಣು ಲಾರಿಯ ಮೇಲೆ, ಬಸ್ಸಿನ ಮೇಲೆ, ಮೋಟಾರ್ ಸೈಕಲ್ಲಿನ ಮೇಲೆ ನೆಟ್ಟಿರುತ್ತದೆ. ಅವುಗಳೆದುರಿಗೆ ಅವನು ನಿಜವಾಗಿಯೂ ದುರ್ಬಲನು. ಆದುದರಿಂದ ತಾನೊಬ್ಬ ಬಲಿಷ್ಠನೆಂಬ ಭಾವನೆಯೇ ಅವನಿಗೆ ಹುಟ್ಟದು. ಅವನು ತನ್ನನ್ನು ಸೈಕಲ್ಲಿನ ಬಂಧುವೆಂದು ಎಣಿಸುತ್ತಾನೆ, ಕಾನೂನೂ ಹಾಗೆಯೇ ಎಣಿಸಿದೆ. ಸೈಕ‌ಲ್ಲಿನವನಾದರೋ ಅವನನ್ನು ‘ಗಾಡಿಯವ’ನೆಂದು ಎಣಿಸುತ್ತಾನೆ.

ಇಬ್ಬರಲ್ಲಿ ಯಾರ ಎಣಿಕೆಯು ಸರಿಯೆಂಬುದನ್ನು ಲೆಕ್ಕದಿಂದ ಪರೀಕ್ಷಿಸಬಹುದು. ಸೈಕಲ್ಲೂ ಸವಾರನೂ ಕೂಡಿ ೮೮ ಕಿಲೋಗ್ರಾಂ ತೂಗುವರೆಂದೂ, ಗಂಟೆಗೆ ೧೫ ಕಿಲೋಮೀಟರ್ ಹೋಗುವರೆಂದೂ, ಸ್ಕೂಟರೂ ಸವಾರನೂ ಕೂಡಿ ೧೩೦ ಕಿಲೋಗ್ರಾಂ ತೂಗಿ ೨೫ ಕಿಲೋಮೀಟರ್ ಹೋಗುವರೆಂದೂ ಇಟ್ಟುಕೊಂಡರೆ, ಚಲನಶಕ್ತಿಯು ಸೈಕಲ್ಲಿನದಕ್ಕಿಂತ ಸ್ಕೂಟರಿನದು ನಾಲ್ಕು ಪಟ್ಟು ಆಗುತ್ತದೆ. ಬಯಲಿನಲ್ಲಿ ಸೈಕಲ್ಲಿನವನ ಭಯವು ನಿರಾಧಾರವಲ್ಲವೆಂದು ಇದರಿಂದ ಸಿದ್ಧಪಡುತ್ತದೆ.

೮. ಏರು ಮತ್ತು ಇಳಿಜಾರು

ಘಟ್ಟದ ಮೇಲಿನ ನಾಡಿನಲ್ಲಿ ಇದೇ ಲೆಕ್ಕವು ಬೇರೆಯ ಉತ್ತರವನ್ನು ಕೊಡುತ್ತದೆ. ಇಪ್ಪತ್ತು ಅಡಿಗೆ ಒಂದಡಿ ಏರುವ ದಾರಿಯನ್ನು ತೆಗೆದುಕೊಳ್ಳೋಣ. ಸಾಧಾರಣ ಮನುಷ್ಯನು ಎಡೆಬಿಡದೆ ಒದಗಿಸಬಲ್ಲ ಶಕ್ತಿಯು ಸುಮಾರು ನೂರು ವಾಟ್. ಅದರಿಂದ ಸೈಕಲ್ಲು ಆ ಏರಿನಲ್ಲಿ ಗಂಟೆಗೆ ಏಳು ಕಿಲೋಮೀಟರಿನಂತೆ ಸಾಗುತ್ತದೆ. ೨೫೦ ವಾಟಿನೊಳಗಿನ ಮೋಟಾರಿನ ಸ್ಕೂಟರು ತನ್ನ ಹೆಚ್ಚಿನ ಭಾರವನ್ನು ಹೊತ್ತು, ನಷ್ಟವನ್ನು ಕಳೆದು, ಗಂಟೆಗೆ ಒಂಬತ್ತು ಕಿಲೋಮೀಟರಿನ ಸುಮಾರಿಗೆ ಸಾಗುತ್ತದೆ. ಎಂದರೆ ಏರಿನಲ್ಲಿ ಈ ಎರಡೂ ವಾಹನಗಳು ಬಹುಮಟ್ಟಿಗೆ ಸಮಾನವಾಗಿವೆ. ಇಳಿಜಾರಿನಲ್ಲಿ ಸೈಕಲ್ಲು ಯಾವ ಮಿತಿಗೂ ಒಳಪಡದೆ ಇಪ್ಪತ್ತೈದನ್ನು ಸುಲಭವಾಗಿ ಮೀರುತ್ತದೆ. ಅಲ್ಲಿ ಭಯಪಡಬೇಕಾದವನು ಸ್ಕೂಟರಿನವನೇ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಕಾನೂನು ಮಂದಗತಿಯ ಸ್ಕೂಟರನ್ನು ಸೈಕಲ್ಲಿನ ಸಮೀಪದಲ್ಲಿಟ್ಟದ್ದು ಶಕ್ತಿಯ ದೃಷ್ಟಿಯಿಂದ ಅಸಂಗತವಲ್ಲ. ಏರಿನ ಮೇಲೆ ಅದು ಸತ್ಯವಾಗಿದೆ. ಎರಡನೆಯದು, ಇಂತಹ ಸ್ಕೂಟರು ಮಲೆನಾಡಿನ ರೈತನಿಗೆ ಹೆಚ್ಚು ಪ್ರಯೋಜನಕಾರಿಯಲ್ಲ. ಕೊಟ್ಟಿಗೆಯ ಹಿಂಡಿಯ ಚೀಲವನ್ನೋ ಅಡಿಕೆಯ ಮೂಟೆಯನ್ನೋ ಹೊತ್ತು ದಿಣ್ಣೆಯನ್ನೇರಲು ಕೆಲವು ಕಿಲೋವಾಟ್ ಶಕ್ತಿಯ ಎರಡನೆಯ ಜಾತಿಯೇ ಬೇಕು. ಪೆಟ್ರೋಲಿಗಾಗಿ ಪೇಟೆಯವರೆಗೆ ಹೋಗುವ ಬದಲು ಮನೆಯಲ್ಲಿಯೇ ವಿದ್ಯುತ್ತನ್ನು ತುಂಬಿಕೊಳ್ಳುವ ಅನುಕೂಲವೂ ಅದರ ಕಡೆಗೆ ಮನಸ್ಸನ್ನು ಎಳೆಯುತ್ತದೆ. ಸರಕಾರದ ಧನಸಹಾಯವೂ ಅದೇ ದಿಕ್ಕಿಗೆ ತಳ್ಳಿತು: ೨೦೧೯ರಲ್ಲಿ ಆರಂಭವಾದ ಕೇಂದ್ರ ಸರಕಾರದ ಫೇಮ್ ಯೋಜನೆಯ ಎರಡನೆಯ ಹಂತವು ಗಂಟೆಗೆ ೪೦ ಕಿಲೋಮೀಟರಿನಷ್ಟಾದರೂ ವೇಗವುಳ್ಳ ದ್ವಿಚಕ್ರಗಳಿಗೆ ಮಾತ್ರ ಸಹಾಯವನ್ನಿತ್ತಿತು. ಹೀಗಾಗಿ ಈ ಸೀಮೆಯಲ್ಲಿ ಸೈಕಲ್ಲಿಗೆ ಎದುರಾಗುವ ವಿದ್ಯುತ್ ಸ್ಕೂಟರು ಸಾಮಾನ್ಯವಾಗಿ ಸಮಬಲದ್ದಲ್ಲ. ಏರನ್ನು ಬಯಲಿನಂತೆಯೇ ಏರುವ, ಆದರೆ ಏರುವಾಗಲೂ ಸದ್ದು ಮಾಡದ ವಾಹನ. ಪೆಟ್ರೋಲಿನ ಯಂತ್ರವು ಏರಿನಲ್ಲಿ ಹೆಚ್ಚು ಮೊರೆಯುತ್ತದೆ. ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವವನಿಗೆ ಆ ಮೊರೆತವೇ ಎಚ್ಚರಿಕೆಯಾಗಿದ್ದಿತು. ಎಲ್ಲಿ ಅತ್ಯಂತ ಅವಶ್ಯವೋ ಅಲ್ಲಿಯೇ ಆ ಎಚ್ಚರಿಕೆಯು ಈಗ ಇಲ್ಲವಾಗಿದೆ.

ತಳ್ಳಿಕೊಂಡು ಹೋಗುವವರು ಯಾರೆಂಬುದನ್ನೂ ನೆನೆಯಬೇಕು. ೨೦೦೬-೦೭ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ೨೦೨೦ರ ಸಾಂಕ್ರಾಮಿಕದ ಸಮಯಕ್ಕೆ ಈ ವಿತರಣೆಯು ನಿಂತುಹೋಯಿತಾದರೂ, ಅಷ್ಟರೊಳಗೆ ಹಳ್ಳಿಯ ಸೈಕಲ್ಲು ಮುಖ್ಯವಾಗಿ ಶಾಲೆಯ ಮಕ್ಕಳ ವಾಹನವಾಗಿದ್ದಿತು. ದೊಡ್ಡವರು ಮೋಟಾರಿಗೆ ಏರಿದರು. ಮಕ್ಕಳು ಸೈಕಲ್ಲಿನ ಮೇಲೆ ಉಳಿದರು. ಒಂದು ಕಾಲದಲ್ಲಿ ಗಾಡಿಯವನೂ ಸೈಕಲ್ಲಿನವನೂ ಇಬ್ಬರೂ ಪ್ರಾಯಸ್ಥರಾಗಿದ್ದು ಜಗಳವಾಡಿಯಾದರೂ ಒಂದು ಒಪ್ಪಂದಕ್ಕೆ ಬರಬಲ್ಲವರಾಗಿದ್ದರು. ಮಗುವು ಜಗಳವಾಡದು, ಚರಂಡಿಯ ಅಂಚಿಗೆ ಸರಿದುಬಿಡುತ್ತದೆ.

೯. ನಗರಗಳ ಅನುಭವ

ಹೊಸ ವಾಹನಕ್ಕೆ ಬೇರೆ ದಾರಿಯನ್ನೇ ಕೊಡುವುದು ಒಂದು ಪರಿಹಾರವೆಂದು ಕೆಲವರ ಮತ. ಜರ್ಮನಿಯು ೨೦೧೯ರ ಜೂನ್ ೧೫ರಿಂದ, ನಿಂತುಕೊಂಡು ಸಾಗುವ ಚಿಕ್ಕ ವಿದ್ಯುತ್ ಸ್ಕೂಟರುಗಳಿಗೆ ಗಂಟೆಗೆ ೨೦ ಕಿಲೋಮೀಟರಿನ ಮಿತಿಯನ್ನು ವಿಧಿಸಿ, ಅವುಗಳನ್ನು ಸೈಕಲ್ಲಿನ ಪಥಕ್ಕೆ ಸೇರಿಸಿತು. ಪ್ಯಾರಿಸ್ ನಗರದಲ್ಲಿ ೨೦೧೮ರಲ್ಲಿ ಬಂದ ಅದೇ ಬಗೆಯ ಬಾಡಿಗೆಯ ಸ್ಕೂಟರುಗಳು ಜನರ ಅಸಮಾಧಾನಕ್ಕೆ ಗುರಿಯಾಗಿ, ೨೦೨೩ರ ಏಪ್ರಿಲ್ ೨ರಂದು ನಡೆದ ಮತದಾನದಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು ೮೯ ಮಂದಿ ಅವುಗಳನ್ನು ಬೇಡವೆಂದರು. ಅದೇ ವರ್ಷದ ಸೆಪ್ಟೆಂಬರಿನಿಂದ ಅವು ಬೀದಿಯಿಂದ ತೊಲಗಿದುವು. ಮತಕ್ಕೆ ಬಂದವರು ಮತದಾರರಲ್ಲಿ ಹತ್ತರಲ್ಲಿ ಒಬ್ಬರೂ ಅಲ್ಲವೆಂಬುದನ್ನು ಮರೆಯಬಾರದು. ರೋಷವುಳ್ಳವರೇ ಹೆಚ್ಚಾಗಿ ಬಂದಿರಬೇಕು.

ಕರ್ನಾಟಕದಲ್ಲಿ ಮೈಸೂರಿನ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆಯು ೨೦೧೭ರ ಜೂನ್ ತಿಂಗಳಿನಲ್ಲಿ ಆರಂಭವಾಯಿತು. ಸೈಕಲ್ಲಿನ ಗಂಟೆಯ ಸದ್ದನ್ನೇ ಅದು ಹೆಸರಾಗಿ ತಳೆದದ್ದು ಗಮನಾರ್ಹವಾಗಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ೨೦೨೦ರಲ್ಲಿ ಸೈಕಲ್ಲಿಗಾಗಿಯೇ ಒಂದು ಪಥವನ್ನು ಗೂಟಗಳಿಂದ ಬೇರ್ಪಡಿಸಲಾಯಿತು. ಅದು ಬಹುಕಾಲ ಹಾಗೆ ಉಳಿಯಲಿಲ್ಲ. ಬೇರೆ ಪಥವು ಅಗಲವಾದ ಬೀದಿಗಳಲ್ಲಿ ಸಾಧ್ಯವಾದೀತು. ಒಂದು ಬಸ್ಸಿನ ಅಗಲದ ಮಲೆನಾಡಿನ ದಾರಿಯಲ್ಲಿ ಅದರ ಮಾತೇ ಇಲ್ಲ. ಇಲ್ಲಿ ಎಲ್ಲರೂ ಒಂದೇ ಪಥದಲ್ಲಿ ನಡೆಯಬೇಕಾದವರು. ಆದುದರಿಂದ ಇಲ್ಲಿ ದಾರಿಯ ವಿಭಾಗಕ್ಕಿಂತ ನಡತೆಯ ನಿಯಮವೇ ಪ್ರಧಾನವಾಗುತ್ತದೆ.

೧೦. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸೈಕಲ್ಲಿನವನಿಗೂ ವಿದ್ಯುತ್ ಸ್ಕೂಟರಿನವನಿಗೂ ಇರುವ ಮನಸ್ತಾಪವು ಹೊಸದಲ್ಲ. ಗಾಡಿಗೂ ಸೈಕಲ್ಲಿಗೂ ಇದ್ದುದರ ಪುನರಾವೃತ್ತಿಯಾಗಿದೆ. ಅದರ ಬೇರು ವೇಗದಲ್ಲಿರುವುದಕ್ಕಿಂತ ಹೆಚ್ಚಾಗಿ ನಿಶ್ಶಬ್ದತೆಯಲ್ಲಿದೆ. ವೇಗವನ್ನು ಕಟ್ಟಿಹಾಕಿದ ೧೮೬೫ರ ಕಾಯಿದೆಯು ಅಳಿಯಿತು. ತಿಳಿಸುವ ಹೊಣೆಯನ್ನು ಹೊರಿಸಿದ ೧೮೮೮ರ ಕಲಮಿನ ತತ್ತ್ವವು ಲೋಕದಾದ್ಯಂತ ಸೈಕಲ್ಲಿನ ಹಿಡಿಯ ಮೇಲೆ ಗಂಟೆಯಾಗಿ ಉಳಿಯಿತು. ಐರೋಪ್ಯ ಒಕ್ಕೂಟವು ೨೦೧೯ರ ಜುಲೈಯಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ಮಂದಗತಿಯಲ್ಲಿ ಸಾಗುವಾಗ ಕೃತಕವಾಗಿ ಸದ್ದು ಮಾಡಬೇಕೆಂದು ವಿಧಿಸಿದ್ದು ಅದೇ ತತ್ತ್ವದ ಹೊಸ ರೂಪವಾಗಿದೆ. ಆ ವಿಧಿಯು ನಾಲ್ಕು ಗಾಲಿಗಳ ವಾಹನಗಳಿಗೆ ನಿಂತಿತು. ಎರಡು ಗಾಲಿಗಳವರೆಗೆ ಇಳಿಯಲಿಲ್ಲ.

ಬಡವನ ಮೇಲೆ ಬಿಲ್ಲೆಯ ತೆರಿಗೆಯನ್ನು ಮತ್ತೆ ಹೇರಬೇಕೆಂದು ಇತಿಹಾಸವು ಹೇಳುವುದಿಲ್ಲ. ಮಂದಗತಿಯ ಸ್ಕೂಟರನ್ನು ಮೋಟಾರಿನ ಸಕಲ ನಿರ್ಬಂಧಗಳಿಗೆ ತಳ್ಳಬೇಕೆಂದೂ ಹೇಳುವುದಿಲ್ಲ; ಏರಿನ ಲೆಕ್ಕವು ಅದಕ್ಕೆ ವಿರುದ್ಧವಾಗಿದೆ. ಇತಿಹಾಸವು ಹೇಳುವುದು ಇಷ್ಟೇ: ಹಿಂದಿಕ್ಕುವವನು, ಅವನ ವಾಹನವು ಯಾವ ಜಾತಿಯದೇ ಆಗಿರಲಿ, ಹಿಂದಿಕ್ಕಲ್ಪಡುವವನಿಗೆ ತಕ್ಕಷ್ಟು ದೂರದಿಂದ ತನ್ನ ಬರವನ್ನು ತಿಳಿಸಲು ಬದ್ಧನು, ಮತ್ತು ಇರುಳಿನಲ್ಲಿ ಸಂಚರಿಸುವವನು, ತುಳಿಯುವವನೇ ಆಗಿರಲಿ, ಕಾಣಿಸಿಕೊಳ್ಳಲು ಬದ್ಧನು. ಮೊದಲನೆಯ ಮಾತು ಸ್ಕೂಟರಿನವನಿಗೆ, ಎರಡನೆಯದು ಸೈಕಲ್ಲಿನವನಿಗೆ ಹೆಚ್ಚಾಗಿ ತಾಗುತ್ತದೆ. ಇವೆರಡೂ ಒಂದೇ ನಿಯಮದ ಎರಡು ಮುಖಗಳಾದುದರಿಂದ, ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ಬರುವುದಿಲ್ಲ. ಈ ಸೀಮೆಯ ಕಿರಿದಾದ ದಾರಿಗಳಲ್ಲಿ ದಿಣ್ಣೆಯ ಮೇಲಕ್ಕೆ ಸೈಕಲ್ಲನ್ನು ತಳ್ಳುವ ಶಾಲೆಯ ಮಗುವಿನ ಕ್ಷೇಮವು ಈ ಹಳೆಯ ನಿಯಮವು ಹೊಸ ವಾಹನಕ್ಕೂ ಹತ್ತುವುದನ್ನೇ ಅವಲಂಬಿಸಿದೆ.